ತಾಜ್ ಮಹಲಿನ ಮೇಲೆ ಬಿದ್ದ ನೆರಳು

"ಇನ್ನೂ ಸೊಲ್ಪ ಹತ್ರ ಬನ್ನಿ ಸಾರ್… ಗಂಡ ಹೆಂಡ್ತಿ ತಾನೆ? ಬಸ್ಸಿಗೆ ಕಾಯೋರ ಥರ ನಿಂತಿದೀರಲ್ಲ!"

ಸ್ಟುಡಿಯೋದ ಅಂದಾನಿ ಕ್ಯಾಮೆರಾದ ಹಿಂದಿನಿಂದ ನಕ್ಕ. ಪಾಪ, ಅವನಿಗೇನು ಗೊತ್ತು!

ಸಂಜೀವನ ಕೈ ಭುಜದ ಮೇಲೆ ಬಂದು ಕೂತಾಗ ಬೃಂದಾಳ ಮೈ ಜುಮ್ಮೆಂದಿತು. ಎಷ್ಟು ತಿಂಗಳಾಗಿತ್ತು ಈ ಕೈ ಅವಳನ್ನು ಮುಟ್ಟಿ! ಅದೇ ಬಿಸಿ, ಅದೇ ಅಳುಕು. ಅಲ್ಲೇ ಕುಸಿದು ಕೂತು ಅತ್ತುಬಿಡಬೇಕು ಅನ್ನಿಸಿತು.

'ಇದು ಪ್ರೀತಿಯ ಕೈಯಲ್ಲ ಬೃಂದಾ… ಫೋಟೋಗೆ ಅಂತ ಇಟ್ಟಿರೋ ಕೈ.' ಅವಳು ತನಗೆ ತಾನೇ ಹೇಳಿಕೊಂಡಳು.

ಅವರ ಹಿಂದೆ ಹಿಮದ ಬೆಟ್ಟವಿತ್ತು. ಬಟ್ಟೆಯ ಮೇಲೆ ಪ್ರಿಂಟ್ ಹಾಕಿದ ಕಾಶ್ಮೀರ. ಫ್ಯಾನ್ ಗಾಳಿಗೆ ಬೆಟ್ಟ ಮೆಲ್ಲಗೆ ಅಲುಗುತ್ತಿತ್ತು. ಹೊರಗೆ ಮದ್ರಾಸಿನ ಕೀಲ್ಪಾಕ್‌ನ ಮೇ ತಿಂಗಳ ಬಿಸಿಲು ಸುಡುತ್ತಿತ್ತು.

"ಈಗ ಸೀರೆ ಬದ್ಲಾಯ್ಸಿ ಬನ್ನಿ ಮೇಡಂ. ಅಷ್ಟರಲ್ಲಿ ತಾಜ್ ಮಹಲ್ ಇಳಿಸ್ತೀನಿ. ಆಮೇಲೆ ಹೂದೋಟ," ಎಂದ ಅಂದಾನಿ.

ಮೂರು ಪರದೆ, ಮೂರು ಸೀರೆ. ಮದುವೆಯಾದ ದಿನದ್ದೊಂದು, ಮೊದಲ ವರ್ಷದ್ದೊಂದು, ಎರಡನೇ ವರ್ಷದ್ದೊಂದು… ಹಾಗಂತ ಸುಳ್ಳು ಹೇಳಲು ಅವರು ಬಂದಿದ್ದರು.

ಬೃಂದಾಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮುಖ ಊದಿಕೊಂಡಿತ್ತು, ಡಯಾಲಿಸಿಸ್ ಮೇಲೆ ಜೀವ ನಿಂತಿತ್ತು. ತಾಯಿ ಇರಲಿಲ್ಲ. ಮಂಡ್ಯದಲ್ಲಿದ್ದ ತಂದೆ ನಾಗರಾಜರಿಗೆ ಸಕ್ಕರೆ ಕಾಯಿಲೆ, ಅವರು ಕೊಡುವ ಹಾಗಿರಲಿಲ್ಲ. ಕೊನೆಗೆ 'ನಾನು ಕೊಡ್ತೀನಿ' ಎಂದು ಬಂದವನು ಯಾರು? ಅವಳು ಬಿಟ್ಟು ಬಂದಿದ್ದ ಗಂಡ!

ರಕ್ತದ ಗುಂಪು ಹೊಂದಿತು. ಆದರೆ ದುಡ್ಡಿಗೆ ಕಿಡ್ನಿ ಮಾರುವವರೂ ಇದ್ದ ಕಾಲವದು. ಸರ್ಕಾರದ ಕಮಿಟಿ ಒಪ್ಪದೆ ಆಪರೇಷನ್ ಇಲ್ಲ. ನಿಜವಾಗಿ ಗಂಡ ಹೆಂಡತಿಯೇ ಎಂದು ನಂಬಿಸಲು ಮದುವೆಯ ಸರ್ಟಿಫಿಕೇಟ್ ಜೊತೆ ಇಬ್ಬರೂ ಒಟ್ಟಿಗಿರುವ ಫೋಟೋಗಳು ಬೇಕು ಎಂದಿದ್ದರು.

ಅವರಿಬ್ಬರ ಬಳಿ ಅಂಥ ಒಂದೇ ಒಂದು ಫೋಟೋವೂ ಇರಲಿಲ್ಲ.

ಪೆರುಂಗುಡಿಯ ಒಂದೇ ಆಫೀಸಿನಲ್ಲಿ ಕೆಲಸ ಮಾಡುತ್ತಾ ಪ್ರೀತಿಸಿದವರು ಅವರು. ಸಂಜೀವನದು ಎಷ್ಟೋ ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದ ಮಡಿವಂತರ ಮನೆ. ಬೇರೆ ಜಾತಿಯ ಸೊಸೆ ಎಂದ ಕೂಡಲೇ ತಾಯಿ ಜಾನಕಮ್ಮ ಬಾಗಿಲು ಹಾಕಿಕೊಂಡರು. ರಿಜಿಸ್ಟರ್ ಮದುವೆ ಮುಗಿಸಿ ಹೊರಬಂದಾಗ ಬೃಂದಾ ಆಸೆಯಿಂದ ಕೇಳಿದ್ದಳು. "ಒಂದು ಫೋಟೋ ತೆಗೆಸ್ಕೊಳ್ಳೋಣ ರೀ!"

"ಅಪ್ಪುರಂ ನೋಡೋಣ, ಈಗ ಬೇಡ," ಎಂದಿದ್ದ ಸಂಜೀವ. ಆ 'ಆಮೇಲೆ' ಎರಡು ವರ್ಷವಾದರೂ ಬರಲಿಲ್ಲ.

ಅವನ ತಂಗಿ ಸಂಹಿತಾಳ ಮದುವೆಗೆ ಅವನೊಬ್ಬನೇ ಹೋದ. ಆಮೇಲೆ ಆ ಮದುವೆಯ ಗ್ರೂಪ್ ಫೋಟೋ ಬೃಂದಾಳ ಕೈಗೆ ಸಿಕ್ಕಿತು. ಮನೆಮಂದಿಯೆಲ್ಲ ಸಾಲಾಗಿ ನಿಂತಿದ್ದರು, ತುದಿಯಲ್ಲಿ ಅವಳ ಗಂಡ!

'ಅವರ ಜೊತೆ ನಿಲ್ಲೋಕೆ ಬರುತ್ತೆ. ನನ್ನ ಜೊತೆ ನಿಲ್ಲೋಕೆ ನಾಚಿಕೆ!' ಅವತ್ತೇ ಬಟ್ಟೆ ಕಟ್ಟಿಕೊಂಡು ಕೀಲ್ಪಾಕ್‌ನ ಲೇಡೀಸ್ ಹಾಸ್ಟೆಲ್ಲಿಗೆ ಬಂದಿದ್ದಳು. ಸಂಜೀವ ಬಾಗಿಲಲ್ಲಿ ಮೂಗನ ಹಾಗೆ ನಿಂತಿದ್ದ. ಮಾತಾಡಬೇಕಾದಾಗ ಬಾಯಿ ಬಿಡದ ಗಂಡಸರಿಗೆ ಏನು ಹೇಳುವುದು!

ಅಂದಾನಿ ಪರದೆ ಬದಲಿಸುತ್ತಿದ್ದಾಗ ಬೃಂದಾ ತಡೆಯಲಾರದೆ ಕೇಳಿದಳು.

"ಇದನ್ನೆಲ್ಲ ಯಾಕ್ರೀ ಮಾಡ್ತಿದೀರ?"

ಸಂಜೀವ ನೆಲ ನೋಡಿದ. "ನಿನ್ನ ಕಟ್ಕೊಂಡಿದೀನಲ್ಲ… ಮಾಡ್ಬೇಕಾದ್ದು ನನ್ನ ಕರ್ತವ್ಯ."

ಕರ್ತವ್ಯ! ಅವಳ ಎದೆ ಚುರ್ ಎಂದಿತು. ಪ್ರೀತಿಯಿಲ್ಲದವನ ಒಂದು ತುಂಡನ್ನು ಮೈಯೊಳಗೆ ಇಟ್ಟುಕೊಂಡು ಬದುಕಿರಬೇಕೇ? ಅದಕ್ಕಿಂತ ಸಾಯುವುದೇ ವಾಸಿ ಅನ್ನಿಸಿತು.

"ಸ್ಮೈಲ್ ಮೇಡಂ!" ಎಂದ ಅಂದಾನಿ.

ಅವಳು ನಕ್ಕಳು.

* * *

ಕಮಿಟಿಯ ಮುಂದೆ ಮೂರೂ ಫೋಟೋಗಳು ಸಾಲಾಗಿ ಕೂತವು. ಅಧಿಕಾರಿ ಊರ್ಮಿಳಾ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೇ ನೋಡಿದರು. ಆಮೇಲೆ ತಮಿಳಿನಲ್ಲಿ ಕೇಳಿದರು.

"ಮೂರೂ ಬೇರೆ ಬೇರೆ ವರ್ಷದ್ದು ಅಂದ್ರಲ್ಲ?"

"ಹೌದು," ಎಂದ ಸಂಜೀವ.

"ಹಾಗಾದ್ರೆ ಇದು ಹೇಗೆ? ಹಿಮದ ಮೇಲೆ ನಿಮ್ಮ ನೆರಳು ಬಿದ್ದಿದೆ. ತಾಜ್ ಮಹಲಿನ ಮೇಲೂ ಬಿದ್ದಿದೆ, ಹೂದೋಟದ ಮೇಲೂ ಬಿದ್ದಿದೆ. ಅದೇ ಜಾಗ, ಅದೇ ಅಳತೆ. ಪರದೆ ಬದಲಾಗಿದೆ, ನೀವು ನಿಂತ ಕಡೆಯಿಂದ ಅಲ್ಲಾಡಿಲ್ಲ." ಅವರು ಬೃಂದಾಳ ಕಡೆ ತಿರುಗಿದರು. "ಮದುವೆ ದಿನವೂ ನಿನ್ನ ಮುಖ ಹೀಗೇ ಊದಿತ್ತೇನಮ್ಮ?"

ಬೃಂದಾ ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡಳು.

ಊರ್ಮಿಳಾ ಸಂಜೀವನನ್ನು ದಿಟ್ಟಿಸಿದರು. "ನಿಜ ಹೇಳಪ್ಪ. ದುಡ್ಡಿಗೆ ತಾನೆ ಒಪ್ಪಿದ್ದು?"

ಸಂಜೀವನ ಮುಖ ಬಿಳಿಚಿಕೊಂಡಿತು. ಅವನಿಗಾದ ಅವಮಾನ ನೋಡಲಾರದೆ ಬೃಂದಾ ಎದ್ದು ನಿಂತಳು. ಅವನ ಮೇಲೆ ಅಷ್ಟು ಕೋಪವಿದ್ದವಳಿಗೆ ಆ ಕ್ಷಣ ಕರುಳು ಕಿತ್ತು ಬಂದಿತ್ತು!

"ಫೋಟೋ ಸುಳ್ಳು ಮೇಡಂ. ಮೂರೂ ಒಂದೇ ದಿನ ತೆಗೆಸಿದ್ದು. ಆದ್ರೆ ಇವರನ್ನ ಹಾಗೆ ಅನ್ಬೇಡಿ! ಇವರು ನನ್ನ ಗಂಡನೇ. ನಾವು ಒಟ್ಟಿಗಿಲ್ಲ… ಇವರಿಗೆ ನನ್ನ ಮೇಲೆ ಪ್ರೀತಿ ಇಲ್ಲ, ಅಷ್ಟೇ. ನಂಗೆ ಇವರ ಕಿಡ್ನಿ ಬೇಡ."



ಊರ್ಮಿಳಾ ಫೋಟೋಗಳನ್ನು ಹಿಂದಕ್ಕೆ ತಳ್ಳಿದರು. ಅವರ ದನಿ ಸ್ವಲ್ಪ ಮೆತ್ತಗಾಗಿತ್ತು. "ಹುಡುಗನ ತಾಯಿ ಬಂದು ಇವಳು ನನ್ನ ಸೊಸೆ ಅಂತ ನಮ್ಮೆದುರು ಹೇಳಲಿ. ಅಲ್ಲಿವರೆಗೆ ನನ್ನ ಕೈಲಿ ಏನೂ ಇಲ್ಲಮ್ಮ."

ಜಾನಕಮ್ಮ ಬಂದು ಸೊಸೆ ಎನ್ನುವುದೇ? ಬೃಂದಾಳಿಗೆ ಕಣ್ಣು ಕತ್ತಲೆ ಬಂತು. ಇದ್ದ ಒಂದು ದಾರಿಯೂ ಮುಚ್ಚಿತ್ತು.

* * *

ಹೊರಗೆ ಮೆಟ್ಟಿಲ ಬಳಿ ಅವಳು ಗೋಡೆ ಹಿಡಿದು ನಿಂತಳು.

"ಹೋಗಿ. ನಿಮ್ಮ ಕರ್ತವ್ಯ ಮುಗೀತು."

ಸಂಜೀವ ಹೋಗಲಿಲ್ಲ. "ಸಂಹಿತಾ ಮದುವೆ ಫೋಟೋನ ನೀನು ಸೆರಿಯಾಗಿ ನೋಡ್ಲೇ ಇಲ್ಲ ಬೃಂದಾ."

"ನೋಡೋಕೇನಿದೆ? ನೀವಿದ್ರಿ, ನಾನಿರ್ಲಿಲ್ಲ."

"ನನ್ನ ಪಕ್ಕ ಜಾಗ ಖಾಲಿ ಬಿಟ್ಟಿದ್ದೆ. ಫೋಟೋಗ್ರಾಫರ್ ಒಳಗೆ ಬನ್ನಿ, ಒಳಗೆ ಬನ್ನಿ ಅಂತ ಕೂಗ್ತಾನೇ ಇದ್ದ. ನಾ ಜರುಗ್ಲಿಲ್ಲ. ಇದು ನನ್ನ ಹೆಂಡ್ತಿ ಜಾಗ ಅಂದೆ. ಅಮ್ಮ ಅಷ್ಟು ಜನರ ಎದುರು ಕೆನ್ನೆಗೆ ಹೊಡೆದ್ಲು. ಊಟ ಮಾಡ್ದೆ ಬಂದ್ಬಿಟ್ಟೆ."

ಬೃಂದಾ ಬೆಪ್ಪಾಗಿ ನೋಡಿದಳು. ಅವತ್ತು ಸಿಟ್ಟಿನಲ್ಲಿ ಅವಳು ನೋಡಿದ್ದು ಅವನ ಮುಖವನ್ನು ಮಾತ್ರ. ಪಕ್ಕದ ಜಾಗವನ್ನು ನೋಡಿರಲೇ ಇಲ್ಲ!

"ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ಅಮ್ಮ ನಿನ್ನ ಬಗ್ಗೆ ಅಂದಿದ್ದನ್ನೂ ಹೇಳ್ಬೇಕಿತ್ತು. ಆ ಮಾತು ನಿನ್ನ ಕಿವಿಗೆ ಬೀಳೋದು ಬೇಡ ಅಂತ…"

"ಮತ್ತೆ ನಮ್ಮ ಮದುವೆ ದಿನ?"

"ನಮ್ಮ ಮದುವೆ ಫೋಟೋಲಿ ಅಮ್ಮನೂ ಇರ್ಲಿ ಅಂತ ಕಾದೆ. ಇವತ್ತು ಮನಸು ಕರಗುತ್ತೆ, ನಾಳೆ ಕರಗುತ್ತೆ ಅಂತ… ಮುಟ್ಟಾಳ ನಾನು!" ಅವನು ಮುಖ ಮುಚ್ಚಿಕೊಂಡ. "ಕರ್ತವ್ಯ ಅಂದಿದ್ದು ಸುಳ್ಳು. ಪ್ರೀತಿ ಅಂದ್ರೆ ನೀನು ನಂಬಲ್ಲ ಅನ್ಸ್ತು. ನಂಗೆ ನೀನು ಬೇಕು ಬೃಂದಾ. ನೀನಿಲ್ದೆ ಆಗಲ್ಲ."

ಎಷ್ಟೋ ತಿಂಗಳಿನಿಂದ ಹಿಡಿದಿಟ್ಟಿದ್ದ ಅಳು ಒಮ್ಮೆಲೇ ಒಡೆಯಿತು. ಸಾಯಲು ಸಿದ್ಧಳಾಗಿದ್ದೇನೆ ಎಂದು ಡಾಕ್ಟರಿಗೆ, ಅಪ್ಪನಿಗೆ, ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಈಗ ಅವನ ಅಂಗಿ ಬಿಗಿಯಾಗಿ ಹಿಡಿದುಕೊಂಡಳು.

"ನಂಗೆ ಸಾಯೋಕೆ ಭಯ ಆಗ್ತಿದೆ ರೀ… ನಂಗೆ ಬದುಕ್ಬೇಕು!"

"ಬಾ. ಬೆಸೆಂಟ್ ನಗರದ ನಮ್ಮ ಮನೆಗೆ ಹೋಗೋಣ. ಅಮ್ಮನ ಕಾಲು ಹಿಡೀತೀನಿ."

"ಬಾಗಿಲು ತೆಗೀದಿದ್ರೆ?"

"ತೆಗೆಯೋವರೆಗೂ ಮೆಟ್ಟಿಲ ಮೇಲೆ ಕೂತಿರೋಣ."

ಬೃಂದಾ ಸೋತ ಕಣ್ಣುಗಳಿಂದ ಅವನನ್ನು ನೋಡಿದಳು. "ನಂಗೆ ಜಾಸ್ತಿ ಹೊತ್ತು ಕೂರೋಕಾಗಲ್ಲ ರೀ…"

"ನನ್ನ ಮೇಲೆ ಒರಗ್ಕೋ," ಎಂದ ಸಂಜೀವ.