ಹಲ್ಲು ತೋರಿಸದ ಎತ್ತು

ಬಹಳ ಹಿಂದೆ, ನಕ್ಷೆ ಬರೆಯುವವರು ಹುಟ್ಟುವ ಮೊದಲು, ಕುಂದಾವತಿ ಎಂಬ ರಾಜ್ಯವಿತ್ತು. ಅಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಧೂಮ್ರಾಂಗನೆಂಬ ಮಾಂತ್ರಿಕ ಇಡೀ ರಾಜ್ಯದ ನಿದ್ದೆಯನ್ನು ಕದ್ದು ಕೊಪ್ಪರಿಗೆಯಲ್ಲಿ ತುಂಬಿಟ್ಟಿದ್ದ. ಬೇಕಾದವರು ಇಸ್ಪೀಟಾಡಿ ಗೆದ್ದುಕೊಳ್ಳಲಿ ಎಂದು ಡಂಗುರ ಹೊಡೆಸಿದ್ದ.

ಮೊದಲು ಹೋದವನು ರಾಜ. ಆಟ ಬಿಗಿಯಾದಾಗ ಎಲೆ ಚೆಲ್ಲಿ, ತನ್ನ ಪಾಲಿನ ನಿದ್ದೆಯನ್ನಷ್ಟೇ ಹಿಡಿದುಕೊಂಡು ಬಂದ. ಮಂತ್ರಿಗಳೂ ಹಾಗೇ ಮಾಡಿದರು. ಅಂದಿನಿಂದ ಅರಮನೆಯಲ್ಲಿ ಗೊರಕೆಯೇ ರಾಜ್ಯಭಾರ.

ದನದ ದಲ್ಲಾಳಿ ಚಿಕ್ಕೀರನ ಕೂಸು ಹುಟ್ಟಿದಾಗಿನಿಂದ ಕಣ್ಣು ಮುಚ್ಚಿರಲಿಲ್ಲ. ಅತ್ತೂ ಅತ್ತೂ ಅದರ ದನಿ ಬತ್ತಿತ್ತು. ಚಿಕ್ಕೀರ ಹೊರಟದ್ದು ಶೌರ್ಯದಿಂದಲ್ಲ, ಸಾಕಾಗಿ.

ಮಾಂತ್ರಿಕನ ಗುಹೆಯಲ್ಲಿ ಎಲೆ ಹಂಚುವುದು ಒಂದು ಕರಡಿ. ಅದಕ್ಕೂ ನಿದ್ದೆ ಇರಲಿಲ್ಲ.

“ಕೂತ್ಕೋ ತಮ್ಮಾ,” ಎಂದಿತು ಕರಡಿ. “ಮೂರು ಆಟ. ಇಬ್ಬರಿಗೂ ಎರಡೆರಡು ಮುಚ್ಚಿದ ಎಲೆ, ನಡುವೆ ಐದು ತೆರೆದದ್ದು. ಈ ಮಾಂತ್ರಿಕರು ಪಣ ಹೇಳ್ತಾರೆ. ಒಪ್ಪಿದರೆ ಎಲೆ ತೋರಿಸ್ತಾರೆ. ಒಪ್ಪದಿದ್ರೆ ಎದ್ದು ಹೋಗು.”

ಮಾಂತ್ರಿಕ ಚಿಕ್ಕೀರನ ಅಂಗೈಯಲ್ಲಿ ಹತ್ತಿಯಂಥದ್ದೊಂದು ಬೆಚ್ಚಗಿನ ಉಂಡೆ ಇಟ್ಟ. ಕೂಸಿನ ನಿದ್ದೆ. “ನಿನ್ನ ಬಂಡವಾಳ. ಎದ್ದು ಹೋದರೆ ಇದು ನಿನಗೇ.”

ಮೊದಲ ಆಟಕ್ಕೆ ಅವನು ಕೇಳಿದ್ದು ನೆರಳು. ಹೋದರೆ ಹೋಗಲಿ ಎಂದು ಚಿಕ್ಕೀರ ಒಪ್ಪಿದ. ಮಾಂತ್ರಿಕನಿಗೆ ಮೂರು ರಾಜರು ಕೂಡಿದ್ದರು. ನೆರಳು ಹೋಯಿತು.

ಎರಡನೆಯ ಆಟಕ್ಕೆ ಕೇಳಿದ್ದು ನಾಲಿಗೆಯ ಉಪ್ಪಿನ ರುಚಿ. ಒಪ್ಪಿದ. ನಾಲ್ಕು ರಾಣಿಯರು. ಅದೂ ಹೋಯಿತು.

ಮೂರನೆಯ ಆಟ. ಚಿಕ್ಕೀರನಿಗೆ ಸಿಕ್ಕಿದ್ದು ಜೋಡಿ ಒಂಬತ್ತು. ನಡುವಿನ ಐದರಲ್ಲಿ ನಾಲ್ಕು ಕೆಂಪು ಆಟೀನು, ಅವನ ಕೈಯಲ್ಲಿ ಒಂದೂ ಇಲ್ಲ. ಮಾಂತ್ರಿಕನ ಕೈಯಲ್ಲಿ ಇನ್ನೊಂದು ಆಟೀನಿದ್ದರೆ ಸಾಕು, ಒಂದೇ ಜಾತಿಯ ಐದು ಕೂಡಿ ಜೋಡಿ ಮಣ್ಣು.

“ಇಡೀ ಕೊಪ್ಪರಿಗೆ ನನ್ನ ಪಣ,” ಎಂದ ಮಾಂತ್ರಿಕ. “ನಿನ್ನದು ಕೂಸಿನ ನಿದ್ದೆ. ಸೋತರೆ ಅದು ಸಾಯೋವರೆಗೂ ಕಣ್ಣು ಮುಚ್ಚಲ್ಲ. ಏನಯ್ಯಾ ದಲ್ಲಾಳಿ, ರಾಜನೇ ಎದ್ದು ಹೋದ ಜಾಗ ಇದು.”

“ಬೇಗ ಹೇಳು ತಮ್ಮಾ,” ಎಂದಿತು ಕರಡಿ. “ನನಗೆ ಕೂತೂ ಕೂತೂ ಸೊಂಟ ಬಿದ್ದಿದೆ.”

ಎದ್ದು ಹೋದರೆ ಕೂಸು ಮಲಗುತ್ತದೆ. ತೊಟ್ಟಿಲು ತೂಗುವ ಹೆಂಡತಿ ಕೆಂಪು ಕಣ್ಣು ಬಿಟ್ಟು ಅದನ್ನೇ ನೋಡುತ್ತಿರುತ್ತಾಳೆ.

ಸಂತೆಯಲ್ಲಿ ಹೆಗಲ ವಸ್ತ್ರದ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದು ಚಿಕ್ಕೀರನ ಕೆಲಸ. ಮಾರಬೇಕೆಂದಿರುವವನು ಎಟಕುವ ಬೆಲೆಗೇ ಬೆರಳು ಒತ್ತುತ್ತಾನೆ. ಮುದಿ ಎತ್ತು ತಂದವನು ಅಂಗೈ ಪೂರ್ತಿ ಹಿಡಿದು ಎಟಕದ ಬೆಲೆ ಹೇಳುತ್ತಾನೆ. ಹಲ್ಲು ನೋಡಿ ವಯಸ್ಸು ಅಳೆಯುವವನು ಹೆದರಿ ಹೋಗಲಿ, ನೋಡದೆ ಕೊಳ್ಳುವ ಪೆದ್ದ ಸಿಗಲಿ ಎಂದು. ಒಳ್ಳೆಯ ಎಲೆ ಇದ್ದಾಗ ಈ ಮಾಂತ್ರಿಕ ಕೇಳಿದ್ದು ನೆರಳು, ಉಪ್ಪು. ಈಗ ಕೇಳುತ್ತಿರುವುದು ಯಾವ ತಂದೆಯೂ ಕೊಡಲಾರದ್ದು. ಇದರಲ್ಲಿ ತಪ್ಪೂ ಆಗುವುದುಂಟು. ಒಳ್ಳೆಯ ಎತ್ತಿಗೂ ಒಮ್ಮೊಮ್ಮೆ ಅಂಗೈ ಪೂರ್ತಿ ಹಿಡಿಯುತ್ತಾರೆ.

ಹೆದರಲೂ ಅವನಲ್ಲಿ ಶಕ್ತಿ ಉಳಿದಿರಲಿಲ್ಲ. ಉಂಡೆಯನ್ನು ಮೆಲ್ಲಗೆ ನಡುವೆ ಇಟ್ಟ.

“ಹಲ್ಲು ತೋರಿಸಿ ಸ್ವಾಮಿ.”

“ಏನು?”

“ಎಲೆ. ಒಪ್ಪಿದೆ.”

ಮಾಂತ್ರಿಕ ಅಲುಗಾಡಲಿಲ್ಲ. ಕರಡಿಯೇ ಅವನ ಎಲೆ ಮಗುಚಿತು. ಎರಡೂ ಕಪ್ಪು. ಯಾವುದಕ್ಕೂ ಜೋಡಿಯಿಲ್ಲ.

ಕೊಪ್ಪರಿಗೆ ಬಿರಿದು ನಿದ್ದೆಯೆಲ್ಲ ಬೂರುಗದ ಹತ್ತಿಯಂತೆ ಹಾರಿಹೋಯಿತು. ತನ್ನ ಪಾಲು ಸಿಕ್ಕಿದ ಕರಡಿ ಕೂತಲ್ಲೇ ಒರಗಿತು, ಮಾಂತ್ರಿಕನ ಮೇಲೆ. ಅವನು ಮತ್ತೆ ಏಳಲಿಲ್ಲ.

ಚಿಕ್ಕೀರ ಮನೆ ಸೇರಿದಾಗ ಕೂಸು ಮಲಗಿತ್ತು, ತೊಟ್ಟಿಲ ಹಗ್ಗ ಹಿಡಿದೇ ಹೆಂಡತಿಯೂ ಮಲಗಿದ್ದಳು. ಮಡಕೆಯಲ್ಲಿದ್ದ ತಂಗಳು ಸಾರಿಗೆ ಉಪ್ಪು ಸರಿಯಾಗಿತ್ತು. ಉಂಡು, ಮರಳಿ ಬಂದಿದ್ದ ನೆರಳಿನ ಪಕ್ಕದಲ್ಲೇ ಅಡ್ಡಾದ.

ಹೀಗೆ ರಾಜ್ಯವೆಲ್ಲ ಸುಖವಾಗಿತ್ತು. ನಿದ್ದೆ ತಿಳಿದೆದ್ದ ರಾಜನೊಬ್ಬ ಮಾತ್ರ ಊಟ ಬಡಿಸುವವರಿಲ್ಲವೆಂದು ಕೂಗಾಡಿದ. ಕೇಳಲು ಯಾರೂ ಎಚ್ಚರವಿರಲಿಲ್ಲ.