ಓದದೆ ಬಿಟ್ಟ ಸುದ್ದಿ

ನುಡಿಯುವ ಮುನ್ನ ಮೌನವಾಗಿಯೂ ನುಡಿದ ಮೇಲೆ ನಾದವಾಗಿಯೂ ಇರುವ ಪರಶಿವನೇ, ನಿನ್ನ ಪಾದಗಳಿಗೆ ಶರಣು. ಲೋಕದ ವಿಷವನ್ನು ಕಂಠದಲ್ಲಿ ತಡೆದು ನಿಲ್ಲಿಸಿದವನು ನೀನು. ಕಂಠದಲ್ಲಿಯೇ ವಿಷ ಹುಟ್ಟಿದ ಒಬ್ಬ ನೇಕಾರನ, ಅವನ ಮಡದಿಯ ಕಥೆಯನ್ನು ಹೇಳಲು ತೊಡಗಿದ್ದೇನೆ. ನನ್ನ ಮಾತು ಹದ ತಪ್ಪದಂತೆ ಕಾಯಬೇಕು.

ಬೆಳಗಾವಿಯ ಶಹಾಪುರದಲ್ಲಿ ಗುರುಪುತ್ರಪ್ಪನ ಕೈಮಗ್ಗವಿತ್ತು. ಖಾನಾಪುರದ ಕಾಂತಾಳನ್ನು ಮದುವೆಯಾಗಿ ಕರೆತಂದ ಮರುದಿನ ಮುಂಜಾನೆ, ಇಷ್ಟಲಿಂಗಪೂಜೆ ಮುಗಿಸಿ ಬಂದವನು ಪತ್ರಿಕೆಯನ್ನು ಅವಳ ಮುಂದೆ ಹಿಡಿದ.

“ಓದಾಕ ಬರತೈತೇನ?”

ಅವಳು ಏಳನೆಯ ಇಯತ್ತೆಯವರೆಗೆ ಓದಿದ್ದು ಖಾನಾಪುರದ ಮರಾಠಿ ಸಾಲೆಯಲ್ಲಿ. ಮನೆಮಾತು ಕನ್ನಡವೇ ಆದರೂ ಕನ್ನಡದ ಅಕ್ಷರಗಳು ಅವಳಿಗೆ ಇರುವೆಯ ಸಾಲಿನಂತೆ ಕಂಡವು. ಅಷ್ಟನ್ನೆಲ್ಲ ವಿವರಿಸಲು ನಾಚಿಕೆ ಬಿಡಲಿಲ್ಲ, ಸುಮ್ಮನೆ ತಲೆಯಲ್ಲಾಡಿಸಿದಳು. ಹೆಂಡತಿ ನಿರಕ್ಷರಿಯೆಂದು ಅವನು ತಿಳಿದ.

“ಇರ್ಲಿ ಬಿಡು. ಓದಿ ಹೇಳಾಕ ನಾ ಅದೀನಲ್ಲ.”

ಅಂದಿನಿಂದ ಅದೇ ನಿತ್ಯವ್ರತವಾಯಿತು. ಅವಳು ರಾಟೆಯ ಮುಂದೆ ಕುಳಿತು ನೂಲು ಸುತ್ತುವಳು. ಅವನು ಪಕ್ಕದಲ್ಲಿ ಕುಳಿತು, ಸಾಲಿನ ಮೇಲೆ ಬೆರಳಾಡಿಸುತ್ತ ಓದುವನು. ಪ್ರತಿ ಸುದ್ದಿಗೂ ತನ್ನದೊಂದು ತೀರ್ಪು.

“ಚಂದ್ರನ ಮ್ಯಾಲ ಮನಶಾ ಇಳದಾನಂತ. ಇಳೀಲಿ. ನಮ್ಮ ನಳದಾಗ ನೀರ ಇಳೀವಲ್ತು.”

“ಬೆಳಗಾವಿ ನಮ್ಮದು ಅಂತಾರ ಅವರು, ನಮ್ಮದು ಅಂತಾರ ಇವರು. ಈ ಧೂಳು ಯಾರದು ಅಂತ ಯಾರೂ ಜಗಳಾಡವಲ್ರು ನೋಡು.”

“ನಿಮ್ಮನ್ನ ದಿಲ್ಲಿಗೆ ಕಳಸಬೇಕಾಗಿತ್ತು ಬಿಡ್ರಿ,” ಎಂದು ಅವಳು ಓರೆನೋಟದಲ್ಲಿ ನಗುವಳು.

“ಕಳಸಿದ್ರ ನಿನಗ ಓದಿ ಹೇಳಾವ್ರು ಯಾರು?”

“ಜಗತ್ತಿನ ಬಗ್ಗೆ ಎಲ್ಲಾ ಅಂತೀರಿ. ನನ್ನ ಬಗ್ಗೆ ಏನೂ ಅನ್ನೂದಿಲ್ಲೇನ?”

“ನೀ ಪೇಪರಿನ್ಯಾಗ ಬಂದಿಲ್ಲಲ್ಲ,” ಎಂದು ಅವನು ಮಗ್ಗದ ಕುಣಿಗೆ ಇಳಿಯುವನು. ಇಳಿಯುವಾಗ ಒಮ್ಮೆ ತಿರುಗಿ ನೋಡುವನು. ಆ ನೋಟಕ್ಕೆ ಅವಳ ಕೈಯಲ್ಲಿ ಎಳೆ ತುಂಡಾಗುತ್ತಿತ್ತು.

ಬೆರಳನ್ನು ಹಿಂಬಾಲಿಸಿದ ಕಣ್ಣು ವರ್ಷ ತುಂಬುವುದರೊಳಗೆ ಅಕ್ಷರಗಳನ್ನೆಲ್ಲ ಕಲಿತಿತು. ಆದರೆ ಕಾಂತಾ ಹೇಳಲಿಲ್ಲ. ಹೇಳಿದರೆ ಪತ್ರಿಕೆ ಅವಳ ಕೈಗೆ ಬರುತ್ತಿತ್ತು. ಆ ಧ್ವನಿ ದೂರ ಹೋಗುತ್ತಿತ್ತು.

ಮದುವೆಯಾದ ಏಳನೆಯ ವರ್ಷ, ಅವರ ಒಬ್ಬಳೇ ಮಗಳು ಸಾವಂತ್ರಿ, ನಾಲ್ಕು ವರ್ಷದವಳು, ವಿಷಮಜ್ವರದಲ್ಲಿ ತೀರಿಕೊಂಡಳು. ಅನಂತರ ಆ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಪತ್ರಿಕೆಯ ಓದು ಮಾತ್ರ ನಿಲ್ಲಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಆಷಾಢ ಬಂದಾಗ ಗುರುಪುತ್ರಪ್ಪನ ಧ್ವನಿ ಗರಗಸದಂತಾಗಿತ್ತು. ಗಂಟಲಿನಲ್ಲಿರುವುದು ಅರ್ಬುದವೆಂದು ಬೆಳಗಾವಿಯ ಡಾಕ್ಟರು ಮರೆಮಾಚದೆ ಹೇಳಿದರು. ಮಿರಜಕ್ಕೆ ಹೋಗಿ ಧ್ವನಿಪೆಟ್ಟಿಗೆಯನ್ನು ತೆಗೆಸಿದರೆ ಜೀವ ಉಳಿದೀತು, ಮಾತು ಉಳಿಯದು. ತಡಮಾಡಿದರೆ ಎರಡೂ ಇಲ್ಲ.

“ಜೀವ ಉಳಿಸಿಕೊಂಡು ಮೂಕಬಸವಣ್ಣ ಆಗಿ ಕುಂದ್ರಲೇನ್ರೀ? ಇಕಿಗೆ ಪೇಪರ್ ಯಾರು ಓದತಾರ?” ಎಂದು ಅವನು ಎದ್ದು ಬಂದ.

ಅದು ಹಟವೆಂದು ಎಲ್ಲರೂ ತಿಳಿದರು. ಹಟವಲ್ಲವೆಂಬುದು ಕಾಂತಾಳಿಗೆ ತಿಳಿದಿತ್ತು. ಅವನು ತನ್ನ ಪ್ರಾಣವನ್ನು ಕಟ್ಟಿಹಾಕಿದ್ದುದು ಅವಳು ಹೇಳದೆ ಇಟ್ಟ ಒಂದು ಸುಳ್ಳಿಗೆ.

ಆ ವಾರವೇ ಅವಳನ್ನು ಖಾನಾಪುರಕ್ಕೆ ಕರೆದೊಯ್ದ. ಅವಳ ತಮ್ಮ ಬಾಳಪ್ಪನಿಗೆ ಅಲ್ಲಿ ಹಂಚಿನ ಭಟ್ಟಿ ಇತ್ತು.

“ಬಾಳಪ್ಪಾ, ನಾ ಹೋದ ಮ್ಯಾಲ ನಿಮ್ಮಕ್ಕನ್ನ ಇಲ್ಲೇ ಇಟಗೋ. ಆಕಿಗೆ ಅಕ್ಷರ ಬರೂದಿಲ್ಲ. ಯಾರರೆ ದಿನಾ ಒಂದೀಟು ಪೇಪರ್ ಓದಿ ಹೇಳ್ರಿ.”

“ಅಲ್ರೀ ಮಾವಾರ, ನಮ್ಮಕ್ಕ...” ಎಂದು ಬಾಳಪ್ಪ ಬಾಯಿ ತೆರೆದ. ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಣ್ಣು ಅವನನ್ನು ತಡೆಯಿತು. ಹೇಳಬೇಕಾದವಳು ತಾನೇ ಎಂದು ಆ ಕ್ಷಣದಲ್ಲಿ ಅವಳು ನಿಶ್ಚಯಿಸಿದಳು.

ಮರುದಿನ ಮುಂಜಾನೆಯ ಪ್ಯಾಸೆಂಜರ್ ಗಾಡಿ ಅವರನ್ನು ಹೊತ್ತು ಬೆಳಗಾವಿಯತ್ತ ಹೊರಟಿತು. ಗಾಡಿ ದೇಸೂರನ್ನು ಸಮೀಪಿಸುವಾಗ ಗುರುಪುತ್ರಪ್ಪ ಪತ್ರಿಕೆ ಬಿಡಿಸಿದ. ಎರಡು ಶಬ್ದಕ್ಕೆ ಕೆಮ್ಮು ಒತ್ತಿ ಬಂತು. ಕಾಂತಾ ಅವನ ಕೈಯಿಂದ ಪತ್ರಿಕೆಯನ್ನು ಮೆಲ್ಲಗೆ ತೆಗೆದುಕೊಂಡಳು.

“ಅಮೆರಿಕದ ಬಾಹ್ಯಾಕಾಶ ನೆಲೆ ಸ್ಕೈಲ್ಯಾಬಿನ ಚೂರುಗಳು ಆಸ್ಟ್ರೇಲಿಯಾದಲ್ಲಿ ಪತನ,” ಎಂದು ಓದಿದಳು. “ಪ್ರಾಣಹಾನಿಯ ವರದಿ ಇಲ್ಲ. ದಿಲ್ಲಿಯಲ್ಲಿ ಸರಕಾರದ ಅಳಿವು ಉಳಿವು ಅನಿಶ್ಚಿತ.”

ಒಂದಕ್ಷರವೂ ತಡವರಿಸಲಿಲ್ಲ. ಗುರುಪುತ್ರಪ್ಪನ ಮುಖ ಬಿಳುಪೇರಿತು.

“ಯಾವಾಗಿಂದ?”

“ಮದುವಿ ಆದ ವರ್ಷದಿಂದ್ರೀ.”

“ಹದಿನೆಂಟು ವರ್ಷ!” ಒಡೆದ ಧ್ವನಿ ಇನ್ನಷ್ಟು ಒಡೆಯಿತು. “ಹದಿನೆಂಟು ವರ್ಷ ನನ್ನ ಮಂಗ್ಯಾ ಮಾಡಿದೇನ?”

ಗಾಡಿ ದೇಸೂರಿನಲ್ಲಿ ನಿಂತಿತು. ಅವನು ಎದ್ದವನೇ ಇಳಿದು ಪ್ಲಾಟ್‌ಫಾರಮ್ಮಿನ ತುದಿಯತ್ತ ನಡೆದ. ಸೀಟಿ ಊದಿತು. ಕಾಂತಾ ಕೈಚೀಲವನ್ನೂ ಪತ್ರಿಕೆಯನ್ನೂ ಅವುಚಿಕೊಂಡು ಇಳಿದಳು. ಗಾಡಿ ಅವರಿಬ್ಬರನ್ನೂ ಅಲ್ಲಿಯೇ ಬಿಟ್ಟು ಹೋಯಿತು.

ಅವನು ಕಲ್ಲುಬೆಂಚಿನ ಒಂದು ತುದಿಯಲ್ಲಿ ಕುಳಿತ. ಅವಳು ಇನ್ನೊಂದು ತುದಿಯಲ್ಲಿ. ತುಂತುರು ಹನಿ ಬಿದ್ದು ನಿಂತಿತು.

“ನನ್ನ ಸಲುವಾಗಿ ನಾ ಜೋರಾಗಿ ಓದತಿದ್ನೇನ? ನಿನಗಂತ ಓದತಿದ್ದೆ. ಎಲ್ಲಾ ಗೊತ್ತಿದ್ದೂ ಬಾಜೂ ಕುಂತು ನಗತಿದ್ದಿ.”

“ನಗತಿದ್ದಿಲ್ರೀ. ನೀವು ಬಿಟ್ಟ ಸುದ್ದಿ ಓದತಿದ್ದೆ.”

ಅವನು ತಿರುಗಿ ನೋಡಿದ.

“ಸಾವಂತ್ರಿ ಹೋದ ಮ್ಯಾಲ, ಗೋಕಾಕ ಬಾಜು ಒಂದು ಕೂಸು ಬಾವ್ಯಾಗ ಬಿದ್ದ ಸುದ್ದಿ ಬಂದಿತ್ತು. ನಿಮ್ಮ ಬೆರಳು ಅಲ್ಲೇ ನಿಂತಿತು. ನೀವು ಏನ್ ಓದಿದ್ರಿ ನೆನಪೈತೇನ? ಮೈಸೂರಾಗ ಆನಿ ಮರಿ ಹಾಕಿತು ಅಂತ.”

ಗುರುಪುತ್ರಪ್ಪ ಅವಳ ಮಡಿಲಲ್ಲಿದ್ದ ಪತ್ರಿಕೆಯತ್ತ ನೋಡಿದ.

“ಜ್ವರ ಬಂದು ಸತ್ತ ಹುಡುಗೂರು, ನೀರಾಗ ಹೋದ ಹುಡುಗೂರು, ಎಲ್ಲಾ ಬಿಟ್ಟ್ರಿ. ಹನ್ನೊಂದು ವರ್ಷದಾಗ ಆ ಆನಿ ನಿಮ್ಮ ಬಾಯಾಗ ನಾಕು ಸಲ ಮರಿ ಹಾಕೈತಿ. ಪೇಪರಿನ್ಯಾಗ ಒಂದ ಸಲಾನೂ ಹಾಕಿಲ್ಲ.” ಅವಳ ನಗು ಅರ್ಧಕ್ಕೆ ಅಳುವಾಯಿತು. “ನನ್ನ ಬಗ್ಗೆ ನೀವು ಏನೂ ಅನ್ನಲಿಲ್ಲ, ಖರೇ. ಆದ್ರ ಆ ಆನಿ ಸುದ್ದಿ ಕೇಳಿದಾಗೆಲ್ಲಾ ನನಗ ಸಾಕಷ್ಟು ಕೇಳಿಸೇತಿ. ಅದನ್ನ ಕೇಳಾಕ ಸುಳ್ಳ ಹೇಳಿದ್ನಿ. ಈಗ ಆ ಸುಳ್ಳು ನಿಮ್ಮ ಜೀವಾ ತೊಗೊಳ್ಳಾಕ ಹತ್ತೇತಿ. ನನಗ ನಿಮ್ಮ ಧ್ವನಿ ಬ್ಯಾಡ. ನೀವು ಬೇಕು.”

ಅವನು ಬೆಂಚಿನ ಮೇಲೆಯೇ ಸರಿದು ಅವಳ ಬಾಜೂ ಬಂದ. ಊರವರು ನೋಡುತ್ತಾರೆಂಬುದನ್ನು ಲೆಕ್ಕಿಸದೆ ಅವಳ ಕೈ ಹಿಡಿದ. ಹದಿನೆಂಟು ವರ್ಷದಲ್ಲಿ ಬಯಲಲ್ಲಿ ಕೈ ಹಿಡಿದದ್ದು ಅದೇ ಮೊದಲು.

“ಮುಂದಿನ ಗಾಡಿ ಮಿರಜದ್ದು,” ಎಂದ. “ಎರಡು ಟಿಕೀಟು ತೊಗೋ.”

“ಮನಿಗೆ ಹೋಗಿ, ಉಡಾಕ ತೊಡಾಕ ಅರಬಿ ತೊಗೊಂಡು ಹೋಗೂಣ್ರಿ.”

“ಮನಿಗೆ ಹೋದ್ರ ಮತ್ತ ಮನಸು ತಿರಗತೈತಿ. ಹೋಗೂಣು ನಡಿ.”

ಆ ಗಾಡಿಯಲ್ಲಿ ಅವನು ಮಿರಜದವರೆಗೂ ಮಾತಾಡಿದ. ಸ್ಕೈಲ್ಯಾಬಿನ ಮಾತಲ್ಲ, ದಿಲ್ಲಿಯ ಮಾತಲ್ಲ. ಸಾವಂತ್ರಿ ಮಗ್ಗದ ಕುಣಿಯ ಅಂಚಿನಲ್ಲಿ ಕುಳಿತು ಅಪ್ಪನ ತಲೆಗೆ ನೂಲಿನ ತುಣುಕು ಎಸೆಯುತ್ತಿದ್ದುದು, ಹಾಲು ಕುಡಿದು ಮೀಸೆ ಮಾಡಿಕೊಳ್ಳುತ್ತಿದ್ದುದು, ಕೊನೆಯ ದಿನ “ಅಪ್ಪಾ, ಲಾಳಿ ಕೊಡು” ಎಂದು ಕೇಳಿದ್ದು. ಹನ್ನೊಂದು ವರ್ಷ ಗಂಟಲಲ್ಲಿ ತಡೆದದ್ದನ್ನೆಲ್ಲ ಉಳಿದ ಧ್ವನಿಯಲ್ಲಿ ಹೇಳಿದ. ಕಾಂತಾ ತಾನು ಮರೆತದ್ದನ್ನು ಅವನಿಂದ ಕೇಳಿದಳು, ಅವನು ಮರೆತದ್ದನ್ನು ತಾನೇ ಸೇರಿಸಿದಳು. ಘಟಪ್ರಭೆಯ ಸೇತುವೆ ದಾಟುವಾಗ ಧ್ವನಿ ಪಿಸುಮಾತಾಗಿತ್ತು. ಅವಳು ಕಿವಿಯನ್ನು ಅವನ ತುಟಿಯ ಹತ್ತಿರ ತಂದಳು. ಮಿರಜ ಬಂದಾಗ ಹೇಳಲು ಇನ್ನೇನೂ ಉಳಿದಿರಲಿಲ್ಲ.

ಐದನೆಯ ದಿನ ಶಸ್ತ್ರಕ್ರಿಯೆಯಾಗಿ ಅವನ ಮಾತು ಶಾಶ್ವತವಾಗಿ ಹೋಯಿತು. ಜೀವ ಉಳಿಯಿತು, ಮೂರು ವರ್ಷ, ಎರಡು ತಿಂಗಳು.

ಈ ಕಥೆಯನ್ನು ಓದಿದವರಿಗೂ, ಓದಿಸಿ ಕೇಳಿದವರಿಗೂ ಪರಶಿವನು ಒಲಿಯಲಿ. ಎದೆಯಲ್ಲಿ ಉಳಿದ ಮಾತನ್ನು ಹೇಳಿ ಮುಗಿಸುವಷ್ಟು ದಾರಿ ಎಲ್ಲರಿಗೂ ದೊರೆಯಲಿ. ಆ ದಾರಿಯಲ್ಲಿ ಬಾಜೂ ಕುಳಿತು ಕೇಳುವವರು ಇರಲಿ. ಶುಭಮಸ್ತು.