ಮಹಾರಾಜರ ಎಡಮೀಸೆ

ಬಹಳ ಹಿಂದೆ ಚಿಮ್ಮನಗಡವೆಂಬ ರಾಜ್ಯದಲ್ಲಿ ಒಂದು ಬೆಳಿಗ್ಗೆ ಅರಮನೆಯ ನಗಾರಿ ನಿಂತಿತು, ಕೋಟೆಯ ಬಾವುಟ ಇಳಿಯಿತು, ಪಾಠಶಾಲೆಗಳಿಗೆ ರಜೆ ಕೊಟ್ಟರು. ಮಹಾರಾಜ ಸಿಂಗಭೂಪರ ಎಡಮೀಸೆ ಅಳಿಸಿಹೋಗಿತ್ತು.

ಸುದ್ದಿ ತಂದದ್ದು ಅರಮನೆಯ ಗಿಳಿ. ಅದು ಆಗಾಗ ಕರಡಿಗೆ ಎಂಬ ಮಾಂತ್ರಿಕನ ಗುಹೆಗೆ ಹೋಗಿ, ಮಹಾರಾಜರನ್ನು ನೋಡಿಕೊಂಡು ಬರುತ್ತಿತ್ತು. ಮಹಾರಾಜರು ಅಲ್ಲಿ ಹಲಗೆಯ ಮೇಲಿದ್ದರು. ಮಾಂತ್ರಿಕನಿಗೆ ಬೊಂಬೆ ಕೂಡಿಡುವ ಹವ್ಯಾಸ. 'ನನ್ನ ಬೊಂಬೆಗಳನ್ನು ನೋಡಲು ಬನ್ನಿ' ಎಂದು ಕರೆದು, ಬಂದವರನ್ನು ಗೇಣುದ್ದದ ಮರದ ಬೊಂಬೆ ಮಾಡಿ ಇಟ್ಟುಕೊಳ್ಳುತ್ತಿದ್ದ. ಮಹಾರಾಜರು ಕಲಾಪ್ರಿಯರು, ಕೆಲವು ವರ್ಷಗಳ ಹಿಂದೆ ಹೋಗಿದ್ದರು. ಅವರನ್ನು ಬಿಡಿಸಲು ಸೈನ್ಯವೂ ಹೋಗಿತ್ತು. ಈಗ ಅದು ಕೆಳಗಿನ ಎರಡು ಹಲಗೆಗಳ ಮೇಲಿತ್ತು.

ಮಂತ್ರ ಹಾಕಿದೊಡನೆ ಮನುಷ್ಯನ ಮುಖ ಬರೀ ಮರವಾಗುತ್ತಿತ್ತು. ಅದರ ಮೇಲೆ ಮಾಂತ್ರಿಕನೇ ಬಣ್ಣ ಹಚ್ಚುತ್ತಿದ್ದ. ಅವನಿಗೆ ಬರುತ್ತಿದ್ದದ್ದು ಒಂದೇ ಮುಖ: ಎರಡು ದುಂಡು ಕಣ್ಣು, ಒಂದು ಕೆಂಪು ಬೊಟ್ಟಿನಷ್ಟು ಬಾಯಿ, ಬೇಕಾದರೆ ಮೀಸೆ. ರಾಜನಿಗೂ ಅದೇ, ಕುದುರೆ ಲಾಯದವನಿಗೂ ಅದೇ. ಬಣ್ಣವೂ ಅಗ್ಗದ್ದು. ಅದು ಪೂರ್ತಿ ಅಳಿಸಿ ಮುಖ ಒಂದು ರಾತ್ರಿ ಬರಿದಾಗಿದ್ದರೆ ಬೊಂಬೆ ಮತ್ತೆ ಮನುಷ್ಯನಾಗುವುದಿಲ್ಲ, ಕಟ್ಟಿಗೆಯಾಗಿಯೇ ಉಳಿಯುತ್ತದೆ. ಅದಕ್ಕೇ ನಗಾರಿ ನಿಂತದ್ದು.

ಅಂದು ಊರಿನ ಬೊಂಬೆ ಬಣ್ಣಗಾರ್ತಿ ಚಂದವ್ವ ಗಿಳಿಯನ್ನು ಹಿತ್ತಲಿಗೆ ಕರೆದು ಪೇರಲೆ ಹಣ್ಣು ಕೊಟ್ಟಳು. ಅವಳ ಗಂಡ ದ್ಯಾವಪ್ಪ ಮರಗೆತ್ತನೆಯವನು. ಪಲ್ಲಕ್ಕಿಯ ಕಾಲು ಸಡಿಲವಾಗಿದೆ ಎಂದು ಮಹಾರಾಜರ ಸಂಗಡ ಹೋಗಿದ್ದ.

"ನಮ್ಮವರ ಮುಖ ಹೇಗಿದೆ?"

"ಯಾರು, ಉಳಿ ಹಿಡಿದುಕೊಂಡವನೇ? ಒಂದು ಹುಬ್ಬು ಉಳಿದಿದೆ."

"ಬರೀ ಒಂದು ಹುಬ್ಬೇ?"

"ಅದೂ ತೆಳುವಾಗಿದೆ" ಎಂದು ಗಿಳಿ ಹಣ್ಣಿನ ಕಡೆ ಗಮನ ಕೊಟ್ಟಿತು.

ದ್ಯಾವಪ್ಪನ ಹುಬ್ಬಿಗಾಗಿ ಯಾರೂ ಬಾವುಟ ಇಳಿಸಿರಲಿಲ್ಲ. ಚಂದವ್ವ ಬಣ್ಣದ ಚಿಪ್ಪು, ಕುಂಚ, ಕೈಗನ್ನಡಿ ಕಟ್ಟಿಕೊಂಡು ನೇರ ಮಹಾರಾಣಿ ಪದ್ಮಲದೇವಿಯ ಮುಂದೆ ನಿಂತಳು.

"ಅಮ್ಮನವರೇ, ನಾನು ಗುಹೆಗೆ ಹೋಗುತ್ತೇನೆ. ಆದರೆ ಮಹಾರಾಜರ ಮುಖವನ್ನು ನಾನು ನೋಡಿರುವುದು ನಾಣ್ಯದ ಮೇಲೆ ಮಾತ್ರ."

"ನಾನು ನೋಡಿದ್ದೇನೆ, ನಡಿ" ಎಂದಳು ಮಹಾರಾಣಿ.

ಗುಹೆಯಲ್ಲಿ ಮಾಂತ್ರಿಕ ನವಿಲುಗರಿಯಿಂದ ಬೊಂಬೆಗಳ ಧೂಳು ಹೊಡೆಯುತ್ತಿದ್ದ.

"ಬಣ್ಣ ಹಚ್ಚುತ್ತೀಯಾ?" ಎಂದು ಅವನು ನಿಜವಾಗಿಯೂ ನೊಂದುಕೊಂಡ. "ಏನಮ್ಮ, ಇದೆಲ್ಲ ಮೂಲ ಬಣ್ಣ! ಮುಟ್ಟಿದರೆ ಬೊಂಬೆಯ ಬೆಲೆಯೇ ಹೋಯಿತು."

"ಇದರಲ್ಲಿ ಬೆಲೆ ಎಲ್ಲಿದೆಯಪ್ಪ? ಎಲ್ಲವೂ ನಿಮ್ಮ ಸೋದರತ್ತೆಯ ಮಕ್ಕಳ ಹಾಗೆ ಕಾಣುತ್ತವೆ" ಎಂದಳು ಚಂದವ್ವ.

ಮಾಂತ್ರಿಕನಿಗೆ ಅದು ನಾಟಿತು. ಪಕ್ಕದ ಬೆಟ್ಟದ ಮಾಂತ್ರಿಕನೂ ಇದೇ ಮಾತು ಹೇಳಿ ನಕ್ಕಿದ್ದ.

"ಸರಿ, ಹಚ್ಚು. ನಿಜವಾದ ಮುಖ ಬರೆದರೆ ಬೊಂಬೆ ಏಳುತ್ತದೆ. ನಾನು ತೋರಿಸುವ ಮೂರು ಬೊಂಬೆ ದೀಪ ಹಚ್ಚುವ ಹೊತ್ತಿನೊಳಗೆ ಎದ್ದರೆ ಇವೆಲ್ಲ ನಿಮ್ಮವು. ಏಳದಿದ್ದರೆ ನೀವಿಬ್ಬರೂ ಹಲಗೆಯ ಮೇಲೆ. ಹಿಂದೆ ಬಂದವರೆಲ್ಲ ಹಾಗೆಯೇ ಹಲಗೆ ಸೇರಿದರು. ಮನೆಬಿಟ್ಟು ಹೋದವರ ಮುಖ ಯಾರಿಗೂ ನೆನಪಿರುವುದಿಲ್ಲ, ತಾಯಿ. ನೆನಪಿರುವುದು ಅವರ ಹೊಗಳಿಕೆ."

"ಎದ್ದರೆ ನೀನು ಹಲಗೆಯ ಮೇಲೆ" ಎಂದಳು ಮಹಾರಾಣಿ.

"ಆಗಲಿ, ಆಗಲಿ" ಎಂದು ಅವನು ನಕ್ಕ. ಮಾಂತ್ರಿಕರು ಒಪ್ಪಿದ ಮಾತು ಮಂತ್ರವೇ ಆಗುತ್ತದೆ. ಒಮ್ಮೆಯೂ ಸೋಲದಿದ್ದುದರಿಂದ ಅವನಿಗೆ ಅದು ಮರೆತುಹೋಗಿತ್ತು.

ಮೊದಲನೆಯದಾಗಿ ಅವನು ಬಾಗಿಲ ಬಳಿಯ ಹುಲಿಬೊಂಬೆಯನ್ನು ತೋರಿಸಿದ. ಮಹಾರಾಣಿ ಅದನ್ನು ತಿರುಗಿಸಿ ನೋಡಿ, "ಈ ಸೊಟ್ಟ ಬಾಲ ನನಗೆ ಗೊತ್ತು. ಇದು ಹುಲಿಯಲ್ಲ, ನಮ್ಮ ಬೆಕ್ಕು ಬೆಳ್ಳಿ. ಕಳ್ಳಮುಂಡೇದು! ತುಪ್ಪದ ಭರಣಿ ಉರುಳಿಸಿ, ತನಗೇನೂ ಗೊತ್ತಿಲ್ಲದ ಹಾಗೆ ಗೋಡೆ ನೋಡುತ್ತಾ ಕೂರುತ್ತಿತ್ತು" ಎಂದಳು.

ಚಂದವ್ವ ಪಟ್ಟೆಗಳನ್ನು ಒರೆಸಿ, ಗೋಡೆ ನೋಡುವ ಮುಖ ಬರೆದಳು. ಕೊನೆಗೆ ಕಣ್ಣು. ಬೊಂಬೆಯ ಮೊದಲ ದೃಷ್ಟಿ ಬರೆದವರ ಮೇಲೆ ಬೀಳಬಾರದೆಂಬುದು ಬಣ್ಣಗಾರರ ಕಟ್ಟಳೆ. ಅವಳು ಬೆನ್ನು ತಿರುಗಿಸಿ, ಕನ್ನಡಿಯಲ್ಲಿ ನೋಡುತ್ತಾ, ಹೆಗಲ ಮೇಲಿಂದ ಕೈಚಾಚಿ ಕಣ್ಣು ಬರೆದಳು. ಬೊಂಬೆ ಮೈಮುರಿದು, ಬೆಕ್ಕಾಗಿ, ಇಳಿದು ಹೋಯಿತು. ಬೆಕ್ಕನ್ನು ಯಾರೂ ಹೊಗಳುವುದಿಲ್ಲವಾದ್ದರಿಂದ ಮೊದಲನೆಯದು ಸುಲಭವಾಯಿತು.

ಎರಡನೆಯದು ಮಹಾರಾಜರ ಬೊಂಬೆ.

ಮಹಾರಾಣಿ ಕೈಮುಗಿದು ಹೇಳಿದಳು: "ಪೂರ್ಣಚಂದ್ರನಂಥ ಮುಖ. ತಾವರೆಯ ಎಸಳಿನಂಥ ಕಣ್ಣು. ಮೀಸೆಯೋ, ಎರಡು ಕತ್ತಿ ಇಟ್ಟ ಹಾಗೆ."

ಚಂದವ್ವ ಹಾಗೆಯೇ ಬರೆದಳು. ಕತ್ತಿ ಕಟ್ಟಿಕೊಂಡ ಚಂದ್ರ ಹಲಗೆಯ ಮೇಲೆ ಕುಳಿತಿತು, ಏಳಲಿಲ್ಲ. ಇನ್ನಷ್ಟು ಚಂದ್ರ, ಇನ್ನಷ್ಟು ತಾವರೆ ಸೇರಿಸಿದಳು. ಆಗಲೂ ಏಳಲಿಲ್ಲ. ಮಧ್ಯಾಹ್ನ ದಾಟಿತು. ಮಾಂತ್ರಿಕ ಇನ್ನೊಂದು ಹಲಗೆಯ ಮೇಲೆ ಇಬ್ಬರಿಗೆ ಜಾಗ ಸರಿಮಾಡತೊಡಗಿದ.

ಮಹಾರಾಣಿಗೆ ತಾಳ್ಮೆ ತಪ್ಪಿತು. "ಏಳಿ ಅಂದರೆ ಇವರು ಯಾವತ್ತು ಎದ್ದಿದ್ದಾರೆ! ಕವಿಗಳು ಓದಲು ಶುರುಮಾಡಿದರೆ ಸಾಕು, ಬಾಯಿ ಅರ್ಧ ತೆರೆದು ನಿದ್ದೆ. ಬಲಗಣ್ಣು ಮಾತ್ರ ಕಾಲುಭಾಗ ತೆರೆದಿರುತ್ತಿತ್ತು, ಜನ ಎಚ್ಚರ ಅಂದುಕೊಳ್ಳಲಿ ಅಂತ. ಚಿಂತೆ ಬಂದರೆ ಎಡಮೀಸೆ ಜಗಿಯುವುದು. ಎಷ್ಟು ಸಲ ಹೇಳಿದೆ! ಅದು ಬಲಗಡೆಯದಕ್ಕಿಂತ ಅರ್ಧ ಗಿಡ್ಡ, ಬಾಚಣಿಗೆಗೂ ಸಿಕ್ಕುತ್ತಿರಲಿಲ್ಲ."

ಮಾತು ಮುಗಿಯುವುದರೊಳಗೆ ಚಂದವ್ವ ಚಂದ್ರನನ್ನು ಒರೆಸಿದ್ದಳು. ಅರ್ಧ ತೆರೆದ ಬಾಯಿ, ಜಗಿದ ಮೀಸೆ, ಕನ್ನಡಿಯಲ್ಲಿ ನೋಡಿ ಬರೆದ ಕಾಲುಗಣ್ಣು. ಹಲಗೆ ಮುರಿಯಿತು. ಆಳೆತ್ತರದ ಮಹಾರಾಜರು ನೆಲದ ಮೇಲೆ ಕುಳಿತು ಕೇಳಿದರು: "ಪದ್ಯ ಮುಗಿಯಿತೇ?"

"ಮುಗಿಯಿತು" ಎಂದು ಮಹಾರಾಣಿ ಕಣ್ಣೊರೆಸಿಕೊಂಡು, "ಮೀಸೆ ಬಾಯಿಂದ ತೆಗೀರಿ" ಎಂದಳು.

ಮಾಂತ್ರಿಕ ಈಗ ನಗುತ್ತಿರಲಿಲ್ಲ. ಬೆಳಗಿನಿಂದ ಚಂದವ್ವ ಓರೆಗಣ್ಣಿನಿಂದ ಯಾವ ಬೊಂಬೆಯನ್ನು ನೋಡುತ್ತಿದ್ದಾಳೆಂಬುದನ್ನು ಅವನು ಗಮನಿಸಿದ್ದ. ಪ್ರೀತಿಪಾತ್ರರ ವಿಷಯದಲ್ಲಿ ಜನ ಹೆಚ್ಚು ಸುಳ್ಳು ಹೇಳುತ್ತಾರೆಂಬುದು ಅವನ ಅನುಭವ. ಉಳಿ ಹಿಡಿದ ಬೊಂಬೆಯನ್ನು ತಂದು ಅವಳ ಮುಂದಿಟ್ಟ.

ಚಂದವ್ವ ಯಾರನ್ನೂ ಕೇಳಲಿಲ್ಲ. ಅವಳ ಕೈ ತಾನಾಗಿಯೇ ಓಡಿತು. ತಿದ್ದಿದ ಹುಬ್ಬು, ಹೊಳೆಯುವ ಕೆನ್ನೆ, ನಾಚಿದ ನಗು. ಗುಹೆಯಲ್ಲಿ ಅಷ್ಟು ಚೆಂದದ ಬೊಂಬೆ ಇನ್ನೊಂದಿರಲಿಲ್ಲ.

ಅದು ಏಳಲಿಲ್ಲ.

ಅವಳು ಹುಬ್ಬು ತಿದ್ದಿದಳು, ಏಳಲಿಲ್ಲ. ತುಟಿ ತಿದ್ದಿದಳು, ಏಳಲಿಲ್ಲ. ಗುಹೆಯ ಬಾಯಿಯ ಬಿಸಿಲು ಕೆಂಪಾಯಿತು. ಮಾಂತ್ರಿಕ ದೀಪಕ್ಕೆ ಬತ್ತಿ ಹೊಸೆಯುತ್ತಾ ಕುಳಿತ.

"ಚಂದವ್ವ, ಇದು ಮದುಮಗನ ಮುಖ" ಎಂದಳು ಮಹಾರಾಣಿ.

"ಮದುವೆಯ ದಿನ ಹೀಗೇ ಇದ್ದರು."

"ಒಂದು ದಿನ ಎಲ್ಲರೂ ಹಾಗಿರುತ್ತಾರೆ. ಹೊರಟ ದಿನ ಹೇಗಿದ್ದ?"

ಚಂದವ್ವ ಕುಂಚವನ್ನು ಚಿಪ್ಪಿನಲ್ಲಿಟ್ಟಳು.

"ಅದು ಬೇಡ ಅಮ್ಮನವರೇ. ಬೆಳಿಗ್ಗೆ ಜಗಳ ಆಗಿತ್ತು. ರೊಟ್ಟಿ ಸೀದಿದೆ ಅಂದರು, ತಿನ್ನದೆ ಎದ್ದರು. ಮುಖ ಊದಿಸಿಕೊಂಡು ಹೋದರು. ಆ ಮುಖವನ್ನು ಮರೆಯಬೇಕು ಅಂತಲೇ ಇಷ್ಟು ವರ್ಷ ಈ ಮುಖವನ್ನು ನೆನೆಸಿಕೊಂಡೆ."

"ಆ ಮುಖ ಚೆನ್ನಾಗಿ ನೆನಪಿದೆಯೇ?"

"ಮರೆತರೆ ತಾನೇ!"

ಮಾಂತ್ರಿಕ ಬತ್ತಿಯನ್ನು ಎಣ್ಣೆಗೆ ಅದ್ದಿದ. ಚಂದವ್ವ ಮದುಮಗನನ್ನು ಒರೆಸಿಹಾಕಿದಳು. ಊದಿದ ಕೆನ್ನೆ ಬರೆದಳು. ಮುಂದೆ ಬಂದ ಕೆಳತುಟಿ, ಗಂಟಿಕ್ಕಿದ ಒಂದು ಹುಬ್ಬು, ಮೇಲೆ ಹೋದ ಇನ್ನೊಂದು ಹುಬ್ಬು, ಮೂಗಿನ ತುದಿಯಲ್ಲಿ ಮರದ ಹೊಟ್ಟು. ಕಣ್ಣು ಬರೆಯುವಾಗ ಬೆನ್ನು ತಿರುಗಿಸಲಿಲ್ಲ, ಕನ್ನಡಿಯನ್ನೂ ಎತ್ತಲಿಲ್ಲ. ಈ ಒಬ್ಬನ ಮೊದಲ ದೃಷ್ಟಿ ತನ್ನ ಮೇಲೆಯೇ ಬೀಳಲಿ ಎಂದುಕೊಂಡಳು.

ದ್ಯಾವಪ್ಪ ಅವಳನ್ನು ನೋಡಿದ.

"ಸೀದಿತ್ತು ಅಂದರೆ ಸೀದಿತ್ತು" ಎಂದ.

"ಸೀದಿರಲಿಲ್ಲ, ಗರಿಗರಿಯಾಗಿತ್ತು" ಎಂದು ಚಂದವ್ವ ಅವನ ಮೂಗಿನ ಹೊಟ್ಟನ್ನು ಸೆರಗಿನಿಂದ ಒರೆಸಿದಳು.

"ಇನ್ನೊಂದು ಇದೆಯಾ? ಹಸಿವು" ಎಂದ ದ್ಯಾವಪ್ಪ.

ಮಾಂತ್ರಿಕ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಮಾತೇ ಅವನನ್ನು ಹಿಡಿಯಿತು. ಗೇಣುದ್ದವಾಗಿ, ಮರವಾಗಿ, ಹಲಗೆಯ ಮೇಲೆ ತಾನೇ ಸರಿಮಾಡಿಟ್ಟಿದ್ದ ಜಾಗದಲ್ಲಿ ನಿಂತ. ಅವನ ಬಣ್ಣದ ಚಿಪ್ಪು ಉರುಳಿ ಅವನ ಮೇಲೆಯೇ ಚೆಲ್ಲಿತು. ಆ ಬಣ್ಣಕ್ಕೆ ಬರುತ್ತಿದ್ದದ್ದೂ ಒಂದೇ ಮುಖ: ಎರಡು ದುಂಡು ಕಣ್ಣು, ಒಂದು ಕೆಂಪು ಬೊಟ್ಟಿನಷ್ಟು ಬಾಯಿ.

ಮರುದಿನದಿಂದ ಚಿಮ್ಮನಗಡದ ಹೆಂಡತಿಯರು, ತಾಯಂದಿರು, ಅಳಿಯಂದಿರು ಗುಹೆಯ ಮುಂದೆ ಸಾಲುಗಟ್ಟಿದರು. ಚಂದವ್ವ ಒಬ್ಬೊಬ್ಬರನ್ನೂ, "ಹೊಗಳಿಕೆ ಬೇಡ, ದೂರು ಹೇಳಿ" ಎನ್ನುತ್ತಿದ್ದಳು. ದೂರಿಗೆ ಯಾರಲ್ಲಿಯೂ ಕೊರತೆ ಇರಲಿಲ್ಲ. ಸೈನ್ಯ ಎದ್ದಿತು, ಲಾಯದವನು ಎದ್ದ, ಊರಿನ ಮನೆಗಳಲ್ಲಿ ನಿಂತುಹೋಗಿದ್ದ ಜಗಳಗಳು ನಿಂತಲ್ಲಿಂದಲೇ ಮುಂದುವರಿದವು, ಎಲ್ಲರೂ ಸುಖವಾಗಿದ್ದರು.

ಮಾಂತ್ರಿಕನ ಬಗ್ಗೆ ದೂರು ಹೇಳಲು ಬಹಳ ಜನ ಇದ್ದರು, ಆದರೆ ಅವನ ಮುಖ ಹೇಗಿತ್ತೆಂದು ಯಾರಿಗೂ ನೆನಪಿರಲಿಲ್ಲ. ಪ್ರತಿವರ್ಷ ಬೊಂಬೆ ಕೂರಿಸುವ ಹಬ್ಬದಲ್ಲಿ ಅವನನ್ನು ಮೇಲಿನ ಕೊನೆಯ ಮೆಟ್ಟಿಲಿನಲ್ಲಿ, ಬೆಕ್ಕಿಗೆ ಎಟುಕದಂತೆ ಇಡುತ್ತಾರೆ. ಬಣ್ಣ ಮೂಲದ್ದೇ. ಯಾರೂ ಮುಟ್ಟಿಲ್ಲ.